ಕಾಪಿ ಮುಗಿಯಿತು ಅಂತ ಪೆನ್‌ಡ್ರೈವ್ ಕಿತ್ತೆ, ಫೋಟೋ ಅರ್ಧ ಬೂದು. ನಿಮಗೂ ಹೀಗಾಗಿದೆಯಾ?

ಕೇಳಿದ್ದು: ಚಿತ್ರದುರ್ಗದಲ್ಲಿ ಸಣ್ಣ ಫೋಟೋ ಸ್ಟುಡಿಯೋ ನಂದು. ಕಂಪ್ಯೂಟರ್‌ನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಇದೆ. ಮದುವೆ ಆಲ್ಬಮ್ ಪೆನ್‌ಡ್ರೈವ್‌ಗೆ ಹಾಕಿದೆ. ಕಾಪಿ ಮುಗಿಯಿತು ಅಂತ ತೋರಿಸಿತು, ಕಿತ್ತುಕೊಂಡು ಬಸ್ ಹತ್ತಿದೆ. ದಾವಣಗೆರೆಯಲ್ಲಿ ಪ್ರಿಂಟಿಂಗ್‌ನವರು ತೆರೆದರೆ ಕೊನೆಯ ಹತ್ತು ಹಾಳೆ ಅರ್ಧ ಬೂದು ಬಣ್ಣ. 60 ಕಿಲೋಮೀಟರ್ ಸುಮ್ನೆ ಓಡಾಟ. ಪೆನ್‌ಡ್ರೈವ್ ಹಾಳಾಗಿದೆಯಾ, ಲಿನಕ್ಸ್ ತಪ್ಪಾ?

ಉತ್ತರ: ಎರಡೂ ಅಲ್ಲ ಸರ್. ದಾವಣಗೆರೆಯಲ್ಲಿ ಡಿಟಿಪಿ ಮಾಡುತ್ತೇನೆ, ನನಗೂ ಇದೇ ಆಗಿತ್ತು. ಲಿನಕ್ಸ್ ಫೈಲನ್ನು ಮೊದಲು ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ, ಪೆನ್‌ಡ್ರೈವ್‌ಗೆ ಆಮೇಲೆ ನಿಧಾನವಾಗಿ ಬರೆಯುತ್ತದೆ. ರ‍್ಯಾಮ್ ಜಾಸ್ತಿ ಇದ್ದಷ್ಟೂ ‘ಮುಗಿಯಿತು’ ಅನ್ನುವುದು ಬೇಗ. ನನ್ನ ಹಳೆಯ ಪೆನ್‌ಡ್ರೈವ್ ಸೆಕೆಂಡಿಗೆ 5 ಎಂಬಿ ಬರೆಯುತ್ತದೆ. 1 ಜಿಬಿ ಬಾಕಿ ಇದ್ದರೆ 3 ನಿಮಿಷಕ್ಕೂ ಜಾಸ್ತಿ ಬೇಕು, ಅಲ್ವಾ? ಫೈಲ್ ಮ್ಯಾನೇಜರ್‌ನಲ್ಲಿ ಎಜೆಕ್ಟ್ ಒತ್ತಿ, ತೆಗೆಯಬಹುದು ಅಂತ ಬರುವವರೆಗೆ ಮುಟ್ಟಬೇಡಿ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಆದರೆ ಪೆನ್‌ಡ್ರೈವ್ ಬಿಡಿಸುವ ಯುಮೌಂಟ್ (umount) ಕಮಾಂಡ್ ಕೊಟ್ಟು, ಮುಂದಿನ ಕಮಾಂಡ್ ಟೈಪ್ ಮಾಡುವ ಸಾಲು ವಾಪಸ್ ಬರುವವರೆಗೆ ಕಾಯಿರಿ. (ಆ ಕಮಾಂಡಿನಲ್ಲಿ ‘ಯು’ ಆದ ಮೇಲೆ ‘ಎನ್’ ಇಲ್ಲ. ನಾನು ಒಂದು ವಾರ ತಪ್ಪಾಗಿ ಟೈಪ್ ಮಾಡಿದ್ದೆ.) ಬರೀ ಸಿಂಕ್ ಅನ್ನುವ ಕಮಾಂಡ್ ಕೊಟ್ಟರೂ ಬಾಕಿ ಇದ್ದದ್ದು ಬರೆದು ಮುಗಿಸುತ್ತದೆ, ಆದರೆ ಆಮೇಲೆ ಬೇರೆ ಪ್ರೋಗ್ರಾಂ ಮತ್ತೆ ಬರೆದರೆ? ಯುಮೌಂಟೇ ವಾಸಿ.

ಇನ್ನೊಬ್ಬರು: ಯುಮೌಂಟ್ ಕೊಟ್ಟಾಗ ‘ಬ್ಯುಸಿ’ ಅಂತ ಬಂದರೆ ಬೈಯಬೇಡಿ, ಯಾವುದೋ ಪ್ರೋಗ್ರಾಂ ಪೆನ್‌ಡ್ರೈವನ್ನು ಹಿಡಿದುಕೊಂಡಿದೆ. ನನ್ನದರಲ್ಲಿ ಹತ್ತಕ್ಕೆ ಎಂಟು ಸಲ ನಾನೇ ಕಳ್ಳ, ಟರ್ಮಿನಲ್ ಪೆನ್‌ಡ್ರೈವ್‌ನ ಫೋಲ್ಡರ್ ಒಳಗೇ ನಿಂತಿರುತ್ತದೆ. ಯಾವ ಪ್ರೋಗ್ರಾಂ ಅಂತ ಸಿಗದಿದ್ದರೆ ಎಲ್‌ಎಸ್‌ಒಎಫ್ ಕಮಾಂಡ್ ಹೇಳುತ್ತದೆ. ಯುಮೌಂಟ್‌ಗೆ ‘-ಎಲ್’ ಸೇರಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪೆನ್‌ಡ್ರೈವ್‌ನ ಹೆಸರು ಮರೆಯಾಗುತ್ತದೆ, ಬರೆಯುವುದು ಹಿಂದೆ ನಡೆದೇ ಇರಬಹುದು.

ಮತ್ತೊಬ್ಬರು: ಈಗಾಗಲೇ ಕೆಟ್ಟಿದ್ದರೆ ಅದಕ್ಕೆ ಹೊಸದೇನೂ ಹಾಕಬೇಡಿ. ಫೈಲುಗಳ ಮೂಲ ಪ್ರತಿ ಬೇರೆ ಕಡೆ ಇಲ್ಲದಿದ್ದರೆ ಮೊದಲು ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂನಿಂದ ಇಡೀ ಪೆನ್‌ಡ್ರೈವ್‌ನ ನಕಲು ತೆಗೆಯಿರಿ. ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಕಮಾಂಡ್ ಆಮೇಲೆ, ಅದೂ ಯುಮೌಂಟ್ ಮಾಡಿದ ಮೇಲೇ.

ಚನ್ನಗಿರಿಯಿಂದ: ನಮ್ಮ ಅಡಿಕೆ ತೋಟದಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಕ್ಯಾಮೆರಾ ಹಾಕಿದ್ದೆ. ಕರೆಂಟ್ ಹೋಗಿ ಬಂದು ಎರಡು ಮೆಮೊರಿ ಕಾರ್ಡ್ ಹೋದವು. ಕರೆಂಟ್ ಹೋಗುವುದೂ ಕಿತ್ತಂತೆಯೇ. ಪೆನ್‌ಡ್ರೈವ್, ಕಾರ್ಡುಗಳಲ್ಲಿ ಫೈಲ್ ಜೋಡಿಸಿಡುವ ಫ್ಯಾಟ್32, ಎಕ್ಸ್‌ಫ್ಯಾಟ್ ಫೈಲ್‌ಸಿಸ್ಟಮ್‌ಗಳಲ್ಲಿ ಜರ್ನಲ್ (ಮಾಡಲಿರುವ ಬದಲಾವಣೆ ಮೊದಲೇ ಬರೆದಿಡುವ ದಾಖಲೆ) ಇಲ್ಲ. ಲಿನಕ್ಸ್‌ನ ಇಎಕ್ಸ್‌ಟಿ4ನಲ್ಲಿ ಇದೆ, ಆದರೂ ಅದು ಮುಖ್ಯವಾಗಿ ಫೈಲ್‌ಸಿಸ್ಟಮ್‌ನ ಲೆಕ್ಕಪತ್ರ ಕಾಯುತ್ತದೆ. ಬರೆಯುತ್ತಿದ್ದ ಫೈಲ್ ಪೂರ್ತಿ ಉಳಿಯುತ್ತದೆ ಅಂತಲ್ಲ. ಈಗ ಚಿಕ್ಕ ಯುಪಿಎಸ್ ಇಟ್ಟಿದ್ದೇನೆ.

ಕೇಳಿದವರು: ಇವತ್ತು ಅದೇ ಆಲ್ಬಮ್ ಮತ್ತೆ ಕಾಪಿ ಮಾಡಿದೆ. ‘ಮುಗಿಯಿತು’ ಅಂದ ಮೇಲೆ ಎಜೆಕ್ಟ್ ಒತ್ತಿ ಗಡಿಯಾರ ನೋಡಿದೆ. 4 ನಿಮಿಷ! ಮೊನ್ನೆ ಅಷ್ಟು ಹೊತ್ತಿಗೆ ನಾನು ಬಸ್‌ಸ್ಟ್ಯಾಂಡಿನಲ್ಲಿದ್ದೆ.