ಹೊಸ ಮನೆಗಳ ಪ್ರಚಾರ: ಅರ್ಜಿ ಹಾಕದವರನ್ನು ತಲುಪುವುದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿ ಸರ್ಕಾರಿ ನೆರವಿನ ಬಾಡಿಗೆ ಮನೆಗಳಿಗೆ ಪ್ರಚಾರ ಯೋಜನೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಜಾಹೀರಾತು ಎಲ್ಲರಿಗೂ ಮುಕ್ತವಾಗಿರುವಾಗ, ಅರ್ಜಿ ಹಾಕುವ ಸಾಧ್ಯತೆ ಅತಿ ಕಡಿಮೆಯಿರುವ ಗುಂಪುಗಳನ್ನು ಗುರುತಿಸಿ ವಿಶೇಷವಾಗಿ ತಲುಪುವುದು ಪಕ್ಷಪಾತವಾಗುವುದಿಲ್ಲವೇ?

ಉತ್ತರ 1: ಪ್ರಚಾರ ಬೇರೆ, ಆಯ್ಕೆ ಬೇರೆ. 1968ರ ನ್ಯಾಯಯುತ ವಸತಿ ಕಾಯ್ದೆ ಜನಾಂಗ, ಬಣ್ಣ, ಧರ್ಮ, ರಾಷ್ಟ್ರೀಯ ಮೂಲಗಳ ಆಧಾರದ ತಾರತಮ್ಯವನ್ನು ನಿಷೇಧಿಸಿತು. 1974ರಲ್ಲಿ ಲಿಂಗವೂ 1988ರಲ್ಲಿ ಅಂಗವೈಕಲ್ಯ ಹಾಗೂ ಮಕ್ಕಳಿರುವ ಕುಟುಂಬವೂ ಈ ಪಟ್ಟಿಗೆ ಸೇರಿದವು. ಆಯ್ಕೆಯ ಮಾನದಂಡ ಎಲ್ಲರಿಗೂ ಒಂದೇ; ಬದಲಾಗುವುದು ಸುದ್ದಿ ತಲುಪುವ ದಾರಿ ಮಾತ್ರ.

ಉತ್ತರ 2: ಗುರುತಿಸುವುದು ಊಹೆಯಿಂದಲ್ಲ. ಈಗಿನ ನಿವಾಸಿಗಳು ಮತ್ತು ಕಾಯುವ ಪಟ್ಟಿಯಲ್ಲಿರುವವರನ್ನು ಸುತ್ತಲಿನ ಮಾರುಕಟ್ಟೆ ಪ್ರದೇಶದ, ಅಂದರೆ ಅರ್ಜಿದಾರರು ಬರಬಹುದಾದ ಪ್ರದೇಶದ, ಜನಗಣತಿ ಅಂಕಿಗಳೊಂದಿಗೆ ಹೋಲಿಸಿದಾಗ ಯಾರ ಪ್ರಮಾಣ ಗಣನೀಯವಾಗಿ ಕಡಿಮೆಯಿದೆಯೆಂದು ತಿಳಿಯುತ್ತದೆ. ಆದರೆ ಅಂಕಿಗಳು ಕಾರಣವನ್ನು ಹೇಳುವುದಿಲ್ಲ. ಭಾಷೆ ತೊಡಕಾಗಿರಬಹುದು, ಗಾಲಿಕುರ್ಚಿಗೆ ಅನುಕೂಲವಿದೆಯೆಂಬ ಮಾಹಿತಿ ತಲುಪದಿರಬಹುದು, ಅಥವಾ ‘ಆ ಬಡಾವಣೆ ನಮ್ಮಂಥವರಿಗಲ್ಲ’ ಎಂಬ ಹಳೆಯ ಅನುಭವದ ಹಿಂಜರಿಕೆಯಿರಬಹುದು. ಮೂರನೆಯದಕ್ಕೆ ಕರಪತ್ರದಿಂದ ಪ್ರಯೋಜನವಿಲ್ಲ. ಆ ಸಮುದಾಯ ನಂಬುವ ಸಂಘಟನೆಗಳ ಮೂಲಕವೇ ಹೋಗಬೇಕು.

ಉತ್ತರ 3: ಒಂದು ಸೇರ್ಪಡೆ. ‘ಮೊದಲು ಬಂದವರಿಗೆ ಆದ್ಯತೆ’ ಎಂದಿಟ್ಟರೆ, ಸುದ್ದಿ ತಡವಾಗಿ ತಲುಪಿದವರಿಗೆ ಈ ಶ್ರಮವೆಲ್ಲ ವ್ಯರ್ಥ. ಅರ್ಜಿಗೆ ಸಾಕಷ್ಟು ಕಾಲಾವಕಾಶ ಕೊಟ್ಟು, ನಿಮ್ಮ ಯೋಜನೆಯ ನಿಯಮಗಳು ಒಪ್ಪಿದರೆ, ಲಾಟರಿಯ ಮೂಲಕ ಕ್ರಮಾಂಕ ನಿಗದಿಪಡಿಸಿ.