ಅಪ್‌ಡೇಟ್: ಮಗಳ ನರದ ಪರೀಕ್ಷೆ ಮುಗಿಯಿತು

ಎಸ್‌ಎಂಎ (ಸ್ನಾಯುಗಳನ್ನು ದುರ್ಬಲ ಮಾಡುವ, ಜೀನ್‌ನಿಂದ ಬರುವ ನರದ ಕಾಯಿಲೆ) ಇರುವ ನನ್ನ ಆರು ವರ್ಷದ ಮಗಳಿಗೆ ನರದ ಪರೀಕ್ಷೆ ಇದೆ, ನೋವು ಕಡಿಮೆ ಮಾಡುವುದು ಹೇಗೆ ಅಂತ ಕೇಳಿದ್ದೆ ಅಲ್ವಾ, ನಿನ್ನೆ ಆಯಿತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಡಾಕ್ಟರನ್ನು ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಈ ಕಾಯಿಲೆಗೆ ಕಾರಣವಾಗುವ ಎಸ್‌ಎಂಎನ್1 ಜೀನ್‌ನ ರಕ್ತ ಪರೀಕ್ಷೆಯಲ್ಲೇ ಕಾಯಿಲೆ ಖಚಿತವಾಗಿದೆ, ಹಾಗಾಗಿ ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಇಎಂಜಿ ಪರೀಕ್ಷೆ ಬೇಡ, ಸಣ್ಣ ಕರೆಂಟ್ ಕೊಟ್ಟು ಸ್ನಾಯು ಎಷ್ಟು ಸ್ಪಂದಿಸುತ್ತದೆ ಅಂತ ನೋಡಿದರೆ ಸಾಕು, ಮುಂದೆ ಚಿಕಿತ್ಸೆ ನಡೆಯುವಾಗ ಅದನ್ನೇ ಹೋಲಿಸಬಹುದು ಅಂದರು. ಅರ್ಧ ಭಯ ಅಲ್ಲೇ ಇಳಿಯಿತು.

ಕೈ ತಣ್ಣಗಿದ್ದರೆ ನರದ ವೇಗ ಕಡಿಮೆ ಬರುತ್ತದೆ, ಅದಕ್ಕೆ ಬೆಚ್ಚಗೆ ಸುತ್ತಿಕೊಂಡು ಹೋದೆವು. ಲೋಷನ್ ಹಚ್ಚಿರಲಿಲ್ಲ. ತೊಡೆ ಮೇಲೆ ಕೂರಿಸಿಕೊಂಡು ಕುತ್ತಿಗೆಗೆ ಆಸರೆ ಕೊಟ್ಟೆ. ಟೆಕ್ನಿಷಿಯನ್ ಮೊದಲ ಶಾಕ್ ತಮ್ಮ ಕೈಗೇ ಕೊಟ್ಟುಕೊಂಡು ತೋರಿಸಿದರು, ಆಮೇಲೆ ಪ್ರತಿ ಸಲ ಒಂದು, ಎರಡು, ಮೂರು ಅಂತ ಎಣಿಸುವ ಕೆಲಸ ಅವಳಿಗೇ ಕೊಟ್ಟರು. ಎಲ್ಲಕ್ಕಿಂತ ಜಾಸ್ತಿ ಸಹಾಯ ಆಗಿದ್ದು ಇದೇ. ಕರೆಂಟ್ ಹೆಚ್ಚಿಸಿದಾಗ ಎರಡು ಸಲ ಅತ್ತಳು. "ನಿಲ್ಲಿಸಿ" ಅಂದಾಗ ನಿಜವಾಗಲೂ ನಿಲ್ಲಿಸಿದರು.

ಮಕ್ಕಳಿಗೆ "ಏನೂ ಆಗಲ್ಲ" ಅಂತ ಸುಮ್ನೆ ಹೇಳಬೇಡಿ. ಚುರ್ ಅನ್ನುತ್ತದೆ, ತಕ್ಷಣ ಹೋಗುತ್ತದೆ ಅಂತಲೇ ಹೇಳಿ.