ಮಾವನ ಟ್ರಂಕಿನಲ್ಲಿ ಸಿಕ್ಕ ಹಾಲಿವುಡ್ ಸ್ಟಿಲ್‌ಗಳು: ಅಸಲಿಯೋ, ಆಮೇಲಿನ ಕಾಪಿಯೋ?

ಡೊಂಬಿವಲಿ ಲೋಕಲ್:
ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ 1952ರಲ್ಲಿ ಉಡುಪಿ ಕಡೆಯಿಂದ ಮುಂಬೈಗೆ ಬಂದವರು. ಹಗಲು ಧೋಬಿ ತಲಾವ್ ಹತ್ತಿರದ ಒಂದು ಹೋಟೆಲಿನ ಗಲ್ಲಾದಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಟಾಕೀಸಿನ ಹುಡುಗರು ಅವರಲ್ಲಿಗೇ ಚಹಾಕ್ಕೆ ಬರುತ್ತಿದ್ದರಂತೆ. ಸಿನಿಮಾ ಬದಲಾದಾಗ ಕಿತ್ತ ಹಾಲಿವುಡ್ ಸ್ಟಿಲ್‌ಗಳನ್ನು, ಅಂದರೆ ಪ್ರಚಾರದ ಫೋಟೋಗಳನ್ನು, ಮಾವನಿಗೆ ಕೊಡುತ್ತಿದ್ದರಂತೆ.

ಮಾವ ಈಗಿಲ್ಲ. ಹೋದ ತಿಂಗಳು ಅತ್ತೆ ಟ್ರಂಕು ತೆಗೆದು 23 ಕಪ್ಪುಬಿಳುಪು ಫೋಟೋ ನನ್ನ ಕೈಗಿಟ್ಟರು. ಎಲ್ಲವೂ 8×10 ಇಂಚು. ಕೆಳಗಿನ ಮೂಲೆಯಲ್ಲಿ ಏನೋ ನಂಬರು. ಕೆಲವುಗಳ ಹಿಂದೆ ಟೈಪ್ ಮಾಡಿದ ಹಳದಿ ಕಾಗದ ಅಂಟಿಸಿದೆ. ಕಪ್ಪು ಇರುವ ಕಡೆ ಓರೆಯಾಗಿ ಹಿಡಿದರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಹಾಳಾಗಿದೆಯಾ? ನಾಲ್ಕೂ ಮೂಲೆಗೆ ಸೂಜಿ ತೂತು. ಮೂರು ಫೋಟೋ ಒಂದಕ್ಕೊಂದು ಕಚ್ಚಿಕೊಂಡಿವೆ. ಒಂದನ್ನು ಫ್ರೇಮ್ ಹಾಕಿಸಲು ಕೊಟ್ಟಿದ್ದೆ. ಕೇಳದೇ ಲ್ಯಾಮಿನೇಟ್ ಮಾಡಿಬಿಟ್ಟರು. ಆ ರಾತ್ರಿ ನಿದ್ದೆ ಬರಲಿಲ್ಲ. ಉಳಿದವುಗಳ ಮೂಲೆ ಕತ್ತರಿಸಿ ನೀಟ್ ಮಾಡಿಸಲೇ?

ಮಾಟುಂಗಾ ಮಳೆ:
ಅಕ್ಕಾ, ದಯವಿಟ್ಟು ಕತ್ತರಿ ಹಿಡಿಯಬೇಡಿ! ಆ ತೂತುಗಳು ಟಾಕೀಸಿನ ಶೋಕೇಸಿನಲ್ಲಿ ಗುಂಡುಸೂಜಿ ಚುಚ್ಚಿದ ಗುರುತು. ನಾನು 20 ವರ್ಷದಿಂದ ಕೂಡಿಡುತ್ತಿದ್ದೇನೆ. ತೂತಿಲ್ಲದ ಸ್ಟಿಲ್‌ಗಿಂತ ತೂತಿರುವುದೇ ನನಗೆ ಜಾಸ್ತಿ ಇಷ್ಟ. ಅದು ಜನರ ಕಣ್ಣಿಗೆ ಬಿದ್ದ ಫೋಟೋ.

ಬೆಳ್ಳಿ ಹೊಳಪಿಗೆ ಹೆದರಬೇಡಿ. ಪ್ರಿಂಟಿನಲ್ಲಿರುವ ಬೆಳ್ಳಿಯೇ ವರ್ಷಗಳು ಕಳೆದಂತೆ ಮೇಲಕ್ಕೆ ಬರುತ್ತದೆ. ನನಗಂತೂ ಅದನ್ನು ಕಂಡರೆ ಖುಷಿ. ಉಜ್ಜಬೇಡಿ ಅಷ್ಟೇ. ಮೂಲೆಯ ನಂಬರಿನಲ್ಲಿ ಸಾಮಾನ್ಯವಾಗಿ ಮೊದಲಿನದು ಸ್ಟುಡಿಯೋ ಆ ಸಿನಿಮಾಕ್ಕೆ ಕೊಟ್ಟದ್ದು, ಗೆರೆಯ ಆಚೆಗಿನದು ಆ ಫೋಟೋದ್ದು. ಹಿಂದಿನ ಹಳದಿ ಕಾಗದಕ್ಕೆ ನಾವು ಸ್ನೈಪ್ ಅನ್ನುತ್ತೇವೆ. ಪತ್ರಿಕೆಯವರಿಗೆಂದು ಸ್ಟುಡಿಯೋ ಬರೆದು ಅಂಟಿಸಿದ ಮಾಹಿತಿ. ಅದನ್ನು ಕೀಳಲೇಬೇಡಿ. ಇನ್ನೊಂದು ಮಾತು. ಇವು ಸಿನಿಮಾ ರೀಲಿನಿಂದ ತೆಗೆದವಲ್ಲ. ಸೆಟ್ಟಿನಲ್ಲಿ ಬೇರೆಯೇ ಫೋಟೋಗ್ರಾಫರ್ ದೊಡ್ಡ ಕ್ಯಾಮೆರಾ ಇಟ್ಟು ತೆಗೆದವು. ಅದಕ್ಕೇ ಬಟ್ಟೆಯ ನೇಯ್ಗೆ ಕೂಡ ಕಾಣುವಷ್ಟು ಸ್ಪಷ್ಟ.

ಅಸಲಿಯೋ ಕಾಪಿಯೋ ಅಂತ ಪರೀಕ್ಷಿಸಲು ಮೊದಲು ಭೂತಗನ್ನಡಿ ಹಿಡಿಯಿರಿ. ಸಣ್ಣ ಸಣ್ಣ ಚುಕ್ಕಿ ಕಂಡರೆ ಅದು ಪ್ರೆಸ್ಸಿನಲ್ಲಿ ಅಚ್ಚಾದದ್ದು, ಫೋಟೋ ಅಲ್ಲ. ಆಮೇಲೆ ನೋಟು ನೋಡುವ ಯುವಿ ಟಾರ್ಚ್. 1950ರ ದಶಕದಿಂದ ಫೋಟೋ ಕಾಗದಕ್ಕೆ ಬೆಳ್ಳಗೆ ಕಾಣುವ ರಾಸಾಯನಿಕ ಸೇರಿಸತೊಡಗಿದರು. ಅದು ಕತ್ತಲಲ್ಲಿ ನೀಲಿಯಾಗಿ ಬೆಳಗುತ್ತದೆ. 1930ರ ದಶಕದ ಸಿನಿಮಾದ ಸ್ಟಿಲ್ ಹಾಗೆ ಬೆಳಗಿದರೆ ಅದು ಆಮೇಲೆ ತೆಗೆದ ಪ್ರಿಂಟ್. ಬೆಳಗಲಿಲ್ಲ ಅಂದಮಾತ್ರಕ್ಕೆ ಹಳೆಯದು ಅನ್ನುವಂತಿಲ್ಲ, ಅದೂ ನೆನಪಿರಲಿ.

ನಾನೂ ಮೋಸ ಹೋಗಿದ್ದೇನೆ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ‘ಗಾನ್ ವಿತ್ ದ ವಿಂಡ್’ ಸ್ಟಿಲ್ ಸಿಕ್ಕಿತ್ತು. 1939ರದ್ದೇ ಅಂದುಕೊಂಡು ದುಡ್ಡು ಕೊಟ್ಟೆ. ಮನೆಗೆ ಬಂದು ಅಂಚು ನೋಡಿದರೆ ‘ಆರ್ 54’ ಅಂತಿದೆ. ಅಂದರೆ 1954ರಲ್ಲಿ ಮತ್ತೆ ಬಿಡುಗಡೆಯಾದಾಗಿನದು. ಅದೂ ಹಳೆಯದೇ, ಇಟ್ಟುಕೊಂಡಿದ್ದೇನೆ. ಆದರೆ ಕೊಟ್ಟ ಬೆಲೆ 1939ರ ಅಸಲಿಯದ್ದು.

ಪುಣೆ ಪೇಠೆ:
ಮೇಡಂ, ಕಚ್ಚಿಕೊಂಡ ಮೂರನ್ನು ಎಳೆಯಬೇಡಿ. ಮೇಲಿನ ಪದರ ಜೆಲಟಿನ್. ತೇವ ತಗುಲಿ ಮೆತ್ತಗಾಗಿ ಅಂಟಿರುತ್ತದೆ. ಎಳೆದರೆ ಮುಖವೇ ಕಿತ್ತು ಬರುತ್ತದೆ. ಫೋಟೋ ಸಂರಕ್ಷಣೆ ಗೊತ್ತಿರುವವರಿಗೇ ತೋರಿಸಿ, ಅಲ್ಲಿಯವರೆಗೆ ಹಾಗೇ ಇರಲಿ. ಉಳಿದವನ್ನು ಒಂದೊಂದಾಗಿ ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ. ಸ್ಟೇಷನರಿ ಅಂಗಡಿಯ ಪಿವಿಸಿ ಕವರ್ ಬೇಡ, ಫೋಟೋಗೆ ಅಂಟುತ್ತದೆ. ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ನಮ್ಮ ಮನೆಯಲ್ಲಿ ಹಾಗೆ ಇಟ್ಟು ಹನ್ನೊಂದು ಫೋಟೋಗೆ ಬೂಷ್ಟು ಹಿಡಿಯಿತು.

ಡೊಂಬಿವಲಿ ಲೋಕಲ್:
ಮಾಟುಂಗಾದವರೇ, ಪುಣೆಯವರೇ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೀಪ ಆರಿಸಿ ಟಾರ್ಚ್ ಹಿಡಿದೆ. ಕಚ್ಚಿಕೊಂಡ ಮೂರು, ಲ್ಯಾಮಿನೇಟ್ ಆದ ಒಂದು ಬಿಟ್ಟು ನೋಡಲು ಆದ 19ರಲ್ಲಿ ಎರಡು ಮಾತ್ರ ನೀಲಿಯಾದವು. ಎರಡೂ 50ರ ದಶಕದ ಸಿನಿಮಾಗಳದ್ದೇ, ಹಾಗಾಗಿ ಸಮಾಧಾನ. ಚುಕ್ಕಿ ಯಾವುದರಲ್ಲೂ ಇಲ್ಲ.

ಒಂದರ ಹಿಂದೆ ಮಾವನ ಅಕ್ಷರ ಸಿಕ್ಕಿತು. ಪೆನ್ಸಿಲಿನಲ್ಲಿ, ಕನ್ನಡದಲ್ಲಿ: ‘ಭಾನುವಾರ. ಜೋರು ಮಳೆ. ಎರಡು ಸಲ ನೋಡಿದೆ.’ ಅತ್ತೆ ಕನ್ನಡಕ ತರಿಸಿಕೊಂಡು ಮತ್ತೆ ಮತ್ತೆ ಓದಿದರು. ಪೆನ್ಸಿಲ್ ಗುರುತು ಕವರಿಗೆ ಉಜ್ಜಿ ಅಳಿಸದ ಹಾಗೆ ಏನು ಮಾಡಬೇಕು?

ಮಾಟುಂಗಾ ಮಳೆ:
ಹಿಂದೆ ಒಂದು ಆಮ್ಲವಿಲ್ಲದ ತೆಳು ಕಾಗದ ಇಟ್ಟು ಕವರಿಗೆ ಹಾಕಿ. ತೆಗೆದು ಹಾಕುವುದು ಕಡಿಮೆ ಮಾಡಿ. ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿ ಅತ್ತೆಗೆ ದೊಡ್ಡದಾಗಿ ಪ್ರಿಂಟ್ ತೆಗೆದು ಕೊಡಿ, ಅಕ್ಕಾ. ಓದುವುದಕ್ಕೆ ಅದು ಇರಲಿ.